ಬೂಷ್ಟು ಅಂದುಕೊಂಡಿದ್ದು ಉಪ್ಪಾಗಿತ್ತು: ಒಂದು ಕಲ್ಲಿನ ನೆಲಮಾಳಿಗೆಯ ಪ್ರಕರಣ

ಈ ಮನೆ ಯಾರದು, ಎಲ್ಲಿದೆ ಎಂದು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಮನೆಯವರ ಬಗ್ಗೆ ಕೆಲವು ವಿವರ ಬದಲಿಸಿದ್ದೇನೆ. ಗೋಡೆಯ ಮೇಲೆ ಏನು ಬೆಳೆದಿತ್ತು, ನಾವು ಏನೇನು ಮಾಡಿದೆವು, ಎಲ್ಲಿ ಎಡವಿದೆವು ಎನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಹಿನ್ನೆಲೆ

ಹಳೆಯ ಮನೆ. ಅದರ ಕೆಳಗೆ ಮರಳುಗಲ್ಲಿನ ನೆಲಮಾಳಿಗೆ. ಚಾವಣಿ ಕಲ್ಲಿನ ಕಮಾನು, ಸುಣ್ಣದ ಗಾರೆಯಿಂದ ಕಟ್ಟಿದ್ದು. ಮೂರು ಗೋಡೆಗಳ ಹೊರಗೆ ಮಣ್ಣು ಒರಗಿದೆ. ನಾಲ್ಕನೆಯದು ಒಳಗೋಡೆ, ಯಾವಾಗಲೂ ಒಣಗಿಯೇ ಇರುತ್ತದೆ. ಮನೆ ಕೊಂಡ ಗಂಡ ಹೆಂಡತಿಗೆ ಅಲ್ಲಿ ಪುಸ್ತಕ, ಹಳೆಯ ಕಾಗದಪತ್ರ ಜೋಡಿಸಿಡುವ ಆಸೆ.

ಕೊಂಡ ಮೊದಲ ವರ್ಷವೇ ಗೋಡೆಯ ಬುಡದಲ್ಲಿ ಹತ್ತಿಯ ನಾರಿನ ಹಾಗೆ ಬಿಳಿ ಬೆಳೆ ಕಾಣಿಸಿತು. ನೆಲಮಾಳಿಗೆ, ತೇವ, ಬಿಳಿ ನವಿರು. ನೋಡಿದವರೆಲ್ಲ ಬೂಷ್ಟು ಎಂದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು, ಅಲ್ವಾ?

ನನ್ನನ್ನು ಕರೆಯುವ ಹೊತ್ತಿಗೆ ಅವರು ಮೂರು ಉಪಾಯ ಮಾಡಿ ಮುಗಿಸಿದ್ದರು.

ಮೊದಲಿಗೆ ಬ್ಲೀಚ್. ಬುಡದಿಂದ ಸೊಂಟದೆತ್ತರದವರೆಗೆ ಮೂರು ಸಲ ಸಿಂಪಡಿಸಿದರು. ಬಿಳಿ ನವಿರು ಕಣ್ಣೆದುರೇ ಮಾಯವಾಯಿತು. ಬೂಷ್ಟು ಸತ್ತಿತು ಎಂದು ನೆಮ್ಮದಿಪಟ್ಟರು. ಎರಡು ವಾರ ಆಗುವ ಮೊದಲೇ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ.

ಎರಡನೆಯದು ಸಿಮೆಂಟ್ ಗಾರೆ. ಹೊರಗೋಡೆಗಳ ಕೆಳಗಿನ ಒಂದು ಮೀಟರ್ ಎತ್ತರಕ್ಕೆ ಬಿಗಿಯಾಗಿ ಬಳಿಸಿದರು. ಕೆಲವು ತಿಂಗಳು ಗೋಡೆ ಚೆನ್ನಾಗಿ ಕಂಡಿತು. ಆಮೇಲೆ ಗಾರೆ ಮುಗಿಯುವ ಗೆರೆಯ ಮೇಲೆಯೇ ಒಂದು ಅಡ್ಡಪಟ್ಟಿ ಬೆಳೆಯಿತು. ಈ ಸಲ ಗಾಜಿನ ಹಾಗೆ ಹೊಳೆಯುವ ಸೂಜಿಗಳು. ಅವುಗಳ ಹಿಂದೆ ಕಲ್ಲು ಮರಳಾಗಿ ಉದುರತೊಡಗಿತು.

ಮೂರನೆಯದು ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್. ಸದ್ದು ಜಾಸ್ತಿ ಎಂದು ಅದನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹಾಕುತ್ತಿದ್ದರು. ಇದಾದ ಮೇಲೆ ಕಲ್ಲು ಉದುರುವುದು ಇನ್ನೂ ಜೋರಾಯಿತು. "ಗಾಳಿ ಒಣಗಿಸಿದಷ್ಟೂ ಗೋಡೆ ಹಾಳಾಗ್ತಿದೆ, ಇದು ಹೇಗೆ ಸಾಧ್ಯ?" ಎಂದು ಮನೆಯಾಕೆ ಕೇಳಿದರು. ಇಡೀ ಪ್ರಕರಣದ ಕೀಲಿ ಆ ಪ್ರಶ್ನೆಯಲ್ಲೇ ಇತ್ತು. ನನಗದು ತಿಳಿದದ್ದು ತಡವಾಗಿ.

ಮೊದಲ ಭೇಟಿ, ಮೊದಲ ತಪ್ಪು

ಬೂಷ್ಟೋ ಉಪ್ಪೋ ಎಂದು ತಿಳಿಯಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದರೆ ಬೂಷ್ಟಿನ ಎಳೆಗಳು ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಲ್ಲಿದ್ದವು ನೇರ ಸೂಜಿಗಳು, ಕವಲಿಲ್ಲ. ಬೂಷ್ಟನ್ನು ಬೆರಳಲ್ಲಿ ಉಜ್ಜಿದರೆ ಮೆತ್ತಿಕೊಳ್ಳುತ್ತದೆ. ಇದು ಪುಡಿಯಾಯಿತು. ಒಂದು ಹನಿ ನೀರು ಹಾಕಿದೆ, ಕರಗಿಹೋಯಿತು. ಬೂಷ್ಟು ನೀರಿನಲ್ಲಿ ಕರಗುವುದಿಲ್ಲ.

ಆದರೆ ಈ ಹನಿ ಪರೀಕ್ಷೆಯನ್ನು ಹಿಂದುಮುಂದು ಮಾಡಬಾರದು. ಕರಗಿದರೆ ಉಪ್ಪು, ನಿಜ. ಕರಗದಿದ್ದರೆ ಬೂಷ್ಟೇ ಎನ್ನಲು ಆಗುವುದಿಲ್ಲ. ಜಿಪ್ಸಮ್ ಎಂಬ ಉಪ್ಪು ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಎರಡೂವರೆ ಗ್ರಾಮ್ ಮಾತ್ರ. ಸುಣ್ಣದ ಹರಳು, ಅಂದರೆ ಕ್ಯಾಲ್ಸೈಟ್, ಕಣ್ಣಿಗೆ ಕಾಣುವಷ್ಟು ಕರಗುವುದೇ ಇಲ್ಲ. ಇನ್ನೊಂದು ಮಾತು. ಇದು ಯಾವ ಉಪ್ಪು ಎಂದು ನಾಲಿಗೆಯ ಮೇಲಿಟ್ಟು ನೋಡುವವರಿದ್ದಾರೆ. ದಯವಿಟ್ಟು ಬೇಡ. ಆ ಗೋಡೆಗೆ ಹಿಂದೆ ಯಾರು ಏನು ಬಳಿದಿದ್ದರೋ, ಆಚೆ ಏನು ಹರಿಯುತ್ತಿದೆಯೋ ನಮಗೆ ಗೊತ್ತಿರುವುದಿಲ್ಲ.

ಉಪ್ಪು ಎಂದಾಯಿತು. ಯಾವ ಉಪ್ಪು? ಹಳೆಯ ನೆಲಮಾಳಿಗೆಯ ಬಿಳಿ ಬೆಳೆ ಎಂದರೆ ಪೆಟ್ಲುಪ್ಪು ಎಂಬ ನಂಬಿಕೆ ಬಹಳ ಹಳೆಯದು, ಅದಕ್ಕೆ ಕಾರಣವೂ ಇದೆ. ಕೋವಿಮದ್ದಿಗೆ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಬೇಕೇಬೇಕು. ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಅದಕ್ಕಾಗಿ ಜನರ ಕೊಟ್ಟಿಗೆ, ನೆಲಮಾಳಿಗೆಗಳ ಮಣ್ಣನ್ನು ಅಗೆಯಲು ಸರ್ಕಾರವೇ ಆಳುಗಳನ್ನು ಕಳಿಸುತ್ತಿದ್ದ ಕಾಲವಿತ್ತು. ಈ ಮನೆಯ ಒಂದು ಮೂಲೆಯ ಆಚೆ ಹಿಂದೆ ಕುದುರೆ ಲಾಯ ಇತ್ತಂತೆ. ಅದು ಕಿವಿಗೆ ಬಿದ್ದದ್ದೇ ತಡ, ಪೆಟ್ಲುಪ್ಪು ಎಂದು ನಾನೂ ಮನಸ್ಸಿನಲ್ಲಿ ಬರೆದುಕೊಂಡೆ. ಸೂಜಿಗಳನ್ನು ಕೆರೆದು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದೆ.

ಮನೆಗೆ ಬಂದು ಬಿಚ್ಚಿದರೆ ಸೂಜಿ ಒಂದೂ ಇಲ್ಲ. ಹಿಟ್ಟಿನಂಥ ಬಿಳಿ ಪುಡಿ. ಅದನ್ನು ನೀರಿನಲ್ಲಿ ಕರಗಿಸಿ, ಉಪ್ಪು ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪರೀಕ್ಷಾ ಪಟ್ಟಿ ಅದ್ದಿದರೆ ನೈಟ್ರೇಟ್ ಇದೆಯೋ ಇಲ್ಲವೋ ಎನ್ನುವಷ್ಟು. ಸಲ್ಫೇಟ್ ಮಾತ್ರ ಪಟ್ಟಿಯ ಕೊನೆಯ ಬಣ್ಣಕ್ಕೆ ಹೋಯಿತು.

ಅಲ್ಲಿಗೆ ನನ್ನ ಊಹೆ ಬಿದ್ದುಹೋಯಿತು. ಜೊತೆಗೆ ಮಾದರಿಯೂ ಕೆಟ್ಟಿತ್ತು. ಹರಳು ಪುಡಿಯಾಗಿದೆ ಎಂದರೆ ಅದರೊಳಗಿನ ನೀರು ಹೋಗಿದೆ ಎಂದರ್ಥ. ನೀರಿದ್ದಾಗ ಅದು ಏನಾಗಿತ್ತು ಎನ್ನುವುದನ್ನು ಪುಡಿ ಹೇಳಲಾರದು.

ಸೂಜಿಗೆ ಹೆಸರು ಸಿಕ್ಕಿದ್ದು

ಎರಡನೇ ಸಲ ಬಿಗಿಯಾಗಿ ಮುಚ್ಚುವ ಸಣ್ಣ ಗಾಜಿನ ಸೀಸೆಗಳನ್ನು ಒಯ್ದೆ. ನೆಲಮಾಳಿಗೆಯ ಗಾಳಿಯಲ್ಲೇ ತುಂಬಿ, ಅಲ್ಲೇ ಮುಚ್ಚಿದೆ. ಸೂಜಿಗಳು ಸೂಜಿಗಳಾಗಿಯೇ ಉಳಿದವು.

ನೀರು ಕಳೆದುಕೊಂಡು ಪುಡಿಯಾಗುವ ಸಲ್ಫೇಟ್ ಉಪ್ಪುಗಳಲ್ಲಿ ಗೋಡೆಯ ಮೇಲೆ ಸಾಮಾನ್ಯವಾಗಿ ಸಿಗುವವು ಎರಡು. ಒಂದು ಮಿರಾಬಿಲೈಟ್. ಸೋಡಿಯಂ ಸಲ್ಫೇಟಿನ ಒಂದು ಅಣುವಿಗೆ ಹತ್ತು ನೀರಿನ ಅಣು ಸೇರಿದ ಹರಳು. ಇನ್ನೊಂದು ಎಪ್ಸಮೈಟ್. ಮೆಗ್ನೀಸಿಯಂ ಸಲ್ಫೇಟಿಗೆ ಏಳು ನೀರು, ಔಷಧಿ ಅಂಗಡಿಯ ಎಪ್ಸಮ್ ಉಪ್ಪು ಇದೇ. ಎರಡೂ ಸೂಜಿಯ ಹಾಗೆ ಬೆಳೆಯುತ್ತವೆ. ಕಣ್ಣಿಗೆ ಎರಡೂ ಒಂದೇ.

ಇವನ್ನು ಬೇರೆ ಮಾಡಿದ್ದು ಬಿಸಿನೀರು. ಮಿರಾಬಿಲೈಟ್ 32.4 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನೊಳಗಿನ ನೀರಿನಲ್ಲಿ ತಾನೇ ಕರಗುತ್ತದೆ. ಎಪ್ಸಮೈಟ್ ಆ ಬಿಸಿಗೆ ಜಗ್ಗುವುದಿಲ್ಲ. ಮುಚ್ಚಿದ ಸೀಸೆಯನ್ನು 40 ಡಿಗ್ರಿ ಬಿಸಿನೀರಿನಲ್ಲಿ ಇಳಿಸಿದೆ. ಸ್ವಲ್ಪ ಹೊತ್ತಿಗೆ ಸೂಜಿಗಳು ಕುಸಿದವು. ತಳದಲ್ಲಿ ನೀರು, ಅದರಲ್ಲಿ ಬಿಳಿ ಗಸಿ. ಹೊರಗಿನಿಂದ ಒಂದು ತೊಟ್ಟು ನೀರೂ ಸೇರಿರಲಿಲ್ಲ. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಖಚಿತವಾಗಿ ಮಾತಾಡುವುದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ಒಂದು ಅನುಮಾನ ಉಳಿದಿತ್ತು. ಹತ್ತು ನೀರಿನ ಅಣುಗಳಿರುವ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಅದೂ ಹೆಚ್ಚುಕಡಿಮೆ ಇದೇ ಬಿಸಿಗೆ ಕರಗುತ್ತದೆ. ಸಿಮೆಂಟ್ ಹಾಕಿದ ಗೋಡೆಯಲ್ಲಿ ಅದು ಬರುವುದೂ ಉಂಟು. ಅದನ್ನು ಬೇರೆ ಮಾಡಲು ವಿನೆಗರ್ ಸಾಕು. ಕಾರ್ಬೊನೇಟ್ ಆದರೆ ನೊರೆ ಏಳುತ್ತದೆ. ಇಲ್ಲಿ ಏಳಲಿಲ್ಲ. ಈ ಪರೀಕ್ಷೆಯನ್ನು ನಾನು ಗೋಡೆಯ ಮೇಲೆ ಮಾಡಲಿಲ್ಲ. ಬ್ಲೀಚ್ ಕುಡಿದ ಗೋಡೆಗೆ ಆಮ್ಲ ತಾಗಿಸಿದರೆ ವಿಷದ ಕ್ಲೋರಿನ್ ಅನಿಲ ಬರಬಹುದು. ನೆಲಮಾಳಿಗೆಯಂಥ ಗಾಳಿಯಾಡದ ಜಾಗದಲ್ಲಿ ಅದು ಸಣ್ಣ ವಿಷಯವಲ್ಲ. ಚಿಟಿಕೆ ಮಾದರಿಯನ್ನು ಹೊರಗೆ ತಂದು, ತಟ್ಟೆಯಲ್ಲಿಟ್ಟು ನೋಡಿದೆ.

ಮಿರಾಬಿಲೈಟ್ ಎಂದು ಗೊತ್ತಾದ ಕ್ಷಣವೇ ಮನೆಯಾಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. 20 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಸುಮಾರು 76 ಶೇಕಡಕ್ಕಿಂತ ಕೆಳಗಿಳಿದರೆ ಮಿರಾಬಿಲೈಟ್ ನೀರು ಬಿಟ್ಟು ಥೆನಾರ್ಡೈಟ್ ಎಂಬ ಪುಡಿಯಾಗುತ್ತದೆ. ಮತ್ತೆ ತೇವ ತಾಗಿದರೆ ಕರಗಿ ಹರಳುಗಟ್ಟುತ್ತದೆ. ಥೆನಾರ್ಡೈಟಿಗಿಂತ ಮಿರಾಬಿಲೈಟಿಗೆ ಸುಮಾರು ನಾಲ್ಕು ಪಟ್ಟು ಜಾಗ ಬೇಕು. ಕಲ್ಲಿನ ಸಣ್ಣ ರಂಧ್ರದೊಳಗೆ ಹರಳು ಹೀಗೆ ಹುಟ್ಟುತ್ತಿದ್ದರೆ ಕಲ್ಲು ಒಡೆಯದೆ ಏನು ಮಾಡೀತು? ಯಂತ್ರ ಹಾಕಿದಾಗ ನೆಲಮಾಳಿಗೆಯ ತೇವಾಂಶ ಅರವತ್ತರ ಆಸುಪಾಸು. ರಾತ್ರಿ ನಿಲ್ಲಿಸಿದಾಗ ಎಂಬತ್ತು ದಾಟುತ್ತಿತ್ತು. ಅಂದರೆ ದಿನಕ್ಕೊಂದು ಸಲ ಆ ಗಡಿಯನ್ನು ದಾಟಿಸಿ, ಮರಳಿ ದಾಟಿಸುತ್ತಿದ್ದರು. ಕಲ್ಲನ್ನು ಪುಡಿ ಮಾಡಬೇಕು ಎಂದೇ ಹೊರಟಿದ್ದರೂ ಇದಕ್ಕಿಂತ ಒಳ್ಳೆಯ ಉಪಾಯ ಸಿಗುತ್ತಿರಲಿಲ್ಲ.

ಗೋಡೆಯ ನಕ್ಷೆ

ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಒಂದು ಬೆಳೆಗೆ ಹೆಸರು ಸಿಕ್ಕಿತೆಂದು ಇಡೀ ಗೋಡೆಗೆ ಅದೇ ಹೆಸರಿಡುವುದು ನಾನು ಹಿಂದೆ ಬೇರೆ ಮನೆಗಳಲ್ಲಿ ಮಾಡಿದ ತಪ್ಪು. ಈ ಸಲ ಸೀಮೆಸುಣ್ಣದಿಂದ ಗೋಡೆಯ ಮೇಲೆ ಅರ್ಧ ಅರ್ಧ ಮೀಟರಿನ ಚೌಕ ಎಳೆದೆವು. ಪ್ರತಿ ಚೌಕದಲ್ಲಿ ಏನಿದೆ ಎಂದು ಮನೆಯವರೇ ಕಾಗದದ ಮೇಲೆ ಗುರುತು ಹಾಕಿದರು. ಸೂಜಿ, ನವಿರು, ಗಟ್ಟಿ ಹೊದಿಕೆ, ಕಪ್ಪು ಕಲೆ, ಬರಿ ಕಲ್ಲು. ಒಂದು ಮಧ್ಯಾಹ್ನದ ಕೆಲಸ. ಪರೀಕ್ಷೆಗಳಿಗಿಂತ ಜಾಸ್ತಿ ಹೇಳಿದ್ದು ಆ ಕಾಗದ.

ಸೂಜಿಗಳು ಸಿಮೆಂಟ್ ಗೆರೆಗೆ ಅಂಟಿಕೊಂಡೇ ಇದ್ದವು. ಗೆರೆ ಮೇಲೇರಿದಲ್ಲಿ ಸೂಜಿಯೂ ಮೇಲೆ, ಕೆಳಗಿಳಿದಲ್ಲಿ ಕೆಳಗೆ. ಒಳಗಿನ ನೀರಿಗೆ ಗಾರೆಯ ಮೂಲಕ ಆವಿಯಾಗಲು ದಾರಿಯಿಲ್ಲ, ಹಾಗಾಗಿ ಗಾರೆ ಮುಗಿದ ಕಡೆ ಹೊರಬಂದಿದೆ. ಬರುವಾಗ ಸಿಮೆಂಟಿನಲ್ಲೇ ಇರುವ ಸೋಡಿಯಂ, ಸಲ್ಫೇಟ್‌ಗಳನ್ನೂ ಹೊತ್ತು ತಂದಿದೆ. ಗೋಡೆಯನ್ನು ಕಾಪಾಡಲು ಬಳಿದ ವಸ್ತುವೇ ಅದಕ್ಕೆ ಉಪ್ಪು ಉಣಿಸಿತ್ತು.

ಬ್ಲೀಚ್ ಮಾಡಿದ್ದೂ ಅದನ್ನೇ. ಬ್ಲೀಚ್ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಕೆಲಸ ಮುಗಿಸಿದ ಮೇಲೆ ಅದು ಬಿಟ್ಟುಹೋಗುವುದು ಸಾದಾ ಉಪ್ಪು, ಸೋಡಿಯಂ ಕ್ಲೋರೈಡ್. ಸಿಂಪಡಿಸಿದ ಎತ್ತರದಲ್ಲಿ ಗಾರೆಯ ಒಂದು ತುಂಡು ಕಿತ್ತು ಕಲ್ಲಿನ ಪುಡಿ ತೆಗೆದೆವು. ಬ್ಲೀಚ್ ಕಾಣದ ಒಳಗೋಡೆಯಿಂದಲೂ ಪುಡಿ ತೆಗೆದೆವು. ಮೊದಲನೆಯದರಲ್ಲಿ ಕ್ಲೋರೈಡ್ ಧಾರಾಳ, ಎರಡನೆಯದರಲ್ಲಿ ಇಲ್ಲವೇ ಇಲ್ಲ. ಇಂಥ ಪರೀಕ್ಷೆಗೆ ಬಟ್ಟಿ ಇಳಿಸಿದ ನೀರೇ ಬೇಕು. ನಲ್ಲಿ ನೀರಿನಲ್ಲಿ ಕ್ಲೋರೈಡ್, ನೈಟ್ರೇಟ್ ಎರಡೂ ಇರಬಹುದು. ಬರಿ ನೀರಿಗೂ ಒಂದು ಪಟ್ಟಿ ಅದ್ದಿ ನೋಡುವುದು ಒಳ್ಳೆಯದು.

ಕಮಾನಿನ ಕೆಳಗೆ, ಒಂದೇ ಸಾಲಿನಲ್ಲಿ, ಬೇರೆಯೇ ಒಂದು ಬೆಳೆ. ಮೇಣ ಸುರಿದು ಹೆಪ್ಪುಗಟ್ಟಿದಂಥ ಗಟ್ಟಿ ಹೊದಿಕೆ, ಎರಡು ಕಡೆ ಬೆರಳುದ್ದದ ಟೊಳ್ಳು ಕೊಳವೆಗಳು ನೇತಾಡುತ್ತಿದ್ದವು. ನೀರಿಗೆ ಕರಗಲಿಲ್ಲ, ವಿನೆಗರಿಗೆ ನೊರೆ ಎದ್ದಿತು. ಕ್ಯಾಲ್ಸೈಟ್. ಗಾರೆಯ ಸುಣ್ಣವನ್ನು ನೀರು ಕರಗಿಸಿ ತಂದು ಇಲ್ಲಿ ಮತ್ತೆ ಕಲ್ಲಾಗಿಸಿದೆ. ಕ್ಯಾಲ್ಸೈಟ್ ನೇತಾಡುವಷ್ಟು ಬೆಳೆಯಲು ಗೋಡೆ ತೇವವಾಗಿದ್ದರೆ ಸಾಲದು. ನೀರು ಹನಿಯಬೇಕು, ಮತ್ತೆ ಮತ್ತೆ ಹನಿಯಬೇಕು. ಅಂದರೆ ಮೇಲೆ ಎಲ್ಲೋ ಸೋರಿಕೆ ಇದೆ. ಹೊರಗೆ ಹೋಗಿ ನೋಡಿದರೆ ಆ ಸಾಲಿನ ನೇರ ಮೇಲೆಯೇ ಮಳೆನೀರಿನ ಕೊಳವೆಯ ಕೀಲು ಬಿಟ್ಟಿತ್ತು. ಅದರ ಸುತ್ತ ಮಣ್ಣು ಕುಸಿದು ಗೋಡೆಯ ಕಡೆಗೇ ಇಳಿಜಾರಾಗಿತ್ತು.

ಕಪ್ಪು ಮೂಲೆ

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಲಾಯದ ಪಕ್ಕದ ಮೂಲೆ. ನಕ್ಷೆಯಲ್ಲಿ ಆ ಚೌಕಗಳಲ್ಲಿ ಬಿಳಿ ಬೆಳೆಯ ಗುರುತೇ ಇಲ್ಲ. ಎದೆಯೆತ್ತರದವರೆಗೆ ಕಪ್ಪು ಕಲೆ ಮಾತ್ರ, ಮುಟ್ಟಿದರೆ ಜಿಗುಟು ತೇವ. ಬೆಳೆ ಇಲ್ಲವಲ್ಲ ಎಂದು ಮೊದಲ ಎರಡು ಭೇಟಿಯಲ್ಲಿ ನಾನು ಅಲ್ಲಿ ಮಾದರಿಯನ್ನೇ ತೆಗೆದಿರಲಿಲ್ಲ.

ಮೂರನೇ ಭೇಟಿಯಲ್ಲಿ ಕಲ್ಲನ್ನು ಸ್ವಲ್ಪ ಕೆರೆದು ಪುಡಿ ತೆಗೆದು ಪಟ್ಟಿ ಅದ್ದಿದೆ. ನೈಟ್ರೇಟ್ ಕೊನೆಯ ಬಣ್ಣ.

ಅಂದರೆ ಬಿಳಿಯಾಗಿ ಕಂಡಿದ್ದು ಪೆಟ್ಲುಪ್ಪಲ್ಲ. ಪೆಟ್ಲುಪ್ಪಿನ ಜಾತಿಯ ಉಪ್ಪು ಇದ್ದದ್ದು ಬಿಳಿ ಕಾಣದ ಜಾಗದಲ್ಲಿ. ಯಾಕೆ ಎಂದರೆ, ಸಗಣಿ ಮೂತ್ರದ ಸಾರಜನಕವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ಸುಣ್ಣದ ಗಾರೆಯ ಗೋಡೆಯಲ್ಲಿ ಅದು ಸಾಮಾನ್ಯವಾಗಿ ಕ್ಯಾಲ್ಸಿಯಂ ನೈಟ್ರೇಟ್ ಆಗುತ್ತದೆ. ಈ ಉಪ್ಪು ಹರಳಾಗಿ ನಿಲ್ಲುವುದೇ ಕಷ್ಟ. ಗಾಳಿಯ ತೇವಾಂಶ ಸುಮಾರು 50ರಿಂದ 55 ಶೇಕಡ ದಾಟಿದರೆ ಸಾಕು, ಗಾಳಿಯಿಂದಲೇ ನೀರು ಹೀರಿ ಕರಗಿಬಿಡುತ್ತದೆ. ನೆಲಮಾಳಿಗೆಯಲ್ಲಿ ಅಷ್ಟು ತೇವ ಹೆಚ್ಚುಕಡಿಮೆ ವರ್ಷವಿಡೀ ಇರುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಹಾಗಲ್ಲ. ಅದು 90 ಶೇಕಡ ದಾಟುವ ತನಕ ಹರಳಾಗಿಯೇ ಇರುತ್ತದೆ. ಹಿಂದಿನವರು ಗೋಡೆ, ಮಣ್ಣಿನ ಸಾರವನ್ನು ಸೌದೆಯ ಬೂದಿಯ ಜೊತೆ ಬೆರೆಸಿ ಸೋಸುತ್ತಿದ್ದುದು ಇದಕ್ಕೇ. ಬೂದಿಯ ಪೊಟ್ಯಾಷ್ ಕ್ಯಾಲ್ಸಿಯಮ್ಮಿನ ಜಾಗ ಹಿಡಿಯುತ್ತಿತ್ತು, ಕಾಯಿಸಿ ಆರಿಸಿದರೆ ಆಗ ಪೆಟ್ಲುಪ್ಪು ಹರಳುಗಟ್ಟುತ್ತಿತ್ತು.

ಈಗ ಎದುರಾದದ್ದು ದುಡ್ಡಿನ ಪ್ರಶ್ನೆ. ಈ ನೈಟ್ರೇಟ್ ಹಳೆಯ ಲಾಯದ್ದೋ, ಈಗ ಸೋರುತ್ತಿರುವ ಕೊಳಚೆ ಕೊಳವೆಯದ್ದೋ? ಕೊಳವೆಯಾದರೆ ನೆಲ ಅಗೆಯಬೇಕು. ಎರಡು ಪರೀಕ್ಷೆ ಮಾಡಿದೆವು. ಹೊಸ ಕೊಳಚೆಯಲ್ಲಿ ಅಮೋನಿಯಾ ಇನ್ನೂ ನೈಟ್ರೇಟಾಗದೆ ಉಳಿದಿರುತ್ತದೆ. ಮಾದರಿಯಲ್ಲಿ ಅಮೋನಿಯಾ ಸಿಗಲಿಲ್ಲ. ಕೊಳವೆಗೆ ಬಣ್ಣದ ನೀರು ಬಿಟ್ಟು ಒಂದು ವಾರ ಮೂಲೆಯನ್ನು ನೋಡುತ್ತ ಕೂತೆವು. ಬಣ್ಣ ಬರಲಿಲ್ಲ. ಇನ್ನೂ ಒಂದು ಸಾಕ್ಷಿ ಪ್ಲಾಸ್ಟಿಕ್ ಹಾಳೆ ಕೊಟ್ಟಿತು. ಕಲೆಯ ಒಂದು ಭಾಗವನ್ನು ಚೆನ್ನಾಗಿ ಒಣಗಿಸಿ, ಹಾಳೆ ಹೊದಿಸಿ ಅಂಚುಗಳನ್ನು ಅಂಟಿಸಿದೆವು. ಕೆಲವು ದಿನ ಬಿಟ್ಟು ನೋಡಿದರೆ ಹಾಳೆಯ ಕೆಳಗೆ ಕಲ್ಲು ಒಣಗಿಯೇ ಇತ್ತು, ಸುತ್ತಲಿನ ತೆರೆದ ಕಲ್ಲು ಮತ್ತೆ ಕಪ್ಪಾಗಿತ್ತು. ನೀರು ಗೋಡೆಯ ಒಳಗಿನಿಂದ ಬರುತ್ತಿಲ್ಲ. ಗಾಳಿಯಿಂದ ಬರುತ್ತಿದೆ. ನೆಲ ಅಗೆಯುವ ಯೋಚನೆ ಅಲ್ಲಿಗೆ ಬಿಟ್ಟೆವು. ಆ ನಿರ್ಧಾರದಲ್ಲಿ ಒಂದೇ ಪರೀಕ್ಷೆಯನ್ನು ನಂಬಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮೂರೂ ಒಂದೇ ಕಡೆ ಬೊಟ್ಟು ಮಾಡಿದ್ದರಿಂದ ಧೈರ್ಯ ಬಂತು.

ಮಾಡಿದ ಕೆಲಸ

ಕೆಲಸದ ಕ್ರಮದ ಬಗ್ಗೆ ಸ್ವಲ್ಪ ಜಗ್ಗಾಟ ಆಯಿತು. ಮನೆಯವರಿಗೆ ಮೊದಲು ಗೋಡೆ ಸ್ವಚ್ಛ ಆಗಬೇಕಿತ್ತು. ಹೊರಗಿನ ನೀರು ನಿಲ್ಲುವ ತನಕ ಗೋಡೆ ಮುಟ್ಟಬಾರದು ಎಂದು ನಾನು ಹಟ ಹಿಡಿದೆ. ನೀರು ಬರುತ್ತಿರುವಾಗ ಉಪ್ಪು ತೆಗೆದರೆ ಅದರ ಹಿಂದೆಯೇ ಇನ್ನಷ್ಟು ಬರುತ್ತದೆ.

ಕೊಳವೆಯ ಕೀಲು ಸರಿಯಾಯಿತು. ಹೊರಗಿನ ಮಣ್ಣನ್ನು ತಗ್ಗಿಸಿ ಗೋಡೆಯಿಂದ ಆಚೆಗೆ ಇಳಿಜಾರು ಮಾಡಿದರು. ಯಂತ್ರ ನಿಲ್ಲಿಸಿ, ಬಾಗಿಲು ಕಿಟಕಿಗಳನ್ನು ಒಮ್ಮೆಲೇ ತೆರೆದಿಡುವ ಅಭ್ಯಾಸವನ್ನೂ ಬಿಡಿಸಿದೆವು. ಇಷ್ಟು ಬಗೆಯ ಉಪ್ಪು ಬೆರೆತ ಗೋಡೆಗೆ ಇಂಥದ್ದೇ ತೇವಾಂಶ ಒಳ್ಳೆಯದು ಎಂಬ ಒಂದು ಅಂಕಿ ಇರುವುದಿಲ್ಲ. ಏರಿಳಿತ ಕಡಿಮೆ ಇದ್ದಷ್ಟು ಒಳ್ಳೆಯದು, ಅಷ್ಟೇ.

ಒಂದು ಮಳೆಗಾಲ ಕಳೆಯಿತು. ಹನಿ ನಿಂತಿತ್ತು. ಆಮೇಲೆ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದರು. ಕೆಲವು ಕಡೆ ಕಲ್ಲಿನ ಮುಖವೂ ಅದರ ಜೊತೆಗೆ ಬಂತು. ನೋಡಲು ಬೇಜಾರಾಯಿತು, ಆದರೆ ಆ ಮುಖ ಒಳಗೆ ಮೊದಲೇ ಬಿಟ್ಟುಕೊಂಡಿತ್ತು. ಉಪ್ಪನ್ನು ಮೆದು ಬ್ರಷ್‌ನಿಂದ ಒಣಗಿದ್ದಾಗಲೇ ಗುಡಿಸಿ, ಉದುರಿದ್ದನ್ನು ಹಿಡಿದು ಮನೆಯಿಂದ ಆಚೆ ಹಾಕಿದರು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೇ ಹೋಗುತ್ತದೆ, ಬ್ಲೀಚ್ ಹಾಕಿದ ದಿನ ಮಾಯವಾಗಿದ್ದು ಹಾಗೆಯೇ.

ಒಳಗಿನ ಉಪ್ಪಿಗೆ ಕಾಗದದ ತಿರುಳಿನ ಪಟ್ಟು. ತಿರುಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ ಬೆರಳು ದಪ್ಪಕ್ಕೆ ಮೆತ್ತಿ ಒಣಗಲು ಬಿಡಬೇಕು. ಒಣಗುತ್ತ ಅದು ಉಪ್ಪನ್ನು ತನ್ನ ಕಡೆಗೆ ಎಳೆಯುತ್ತದೆ. ಪ್ರತಿ ಸಲ ಕಿತ್ತ ತಿರುಳನ್ನು ನೀರಿನಲ್ಲಿ ನೆನೆಸಿ ಪಟ್ಟಿ ಅದ್ದಿ ನೋಡಿದೆವು. ಎರಡನೇ ಸಲ ಪಟ್ಟು ಹಾಕಿದಾಗ ಬಣ್ಣ ಚೆನ್ನಾಗಿ ಇಳಿಯಿತು. ಮೂರನೇ ಸಲ ಅಷ್ಟೇನೂ ಬದಲಾಗಲಿಲ್ಲ, ಅಲ್ಲಿಗೆ ನಿಲ್ಲಿಸಿದೆವು. ಕೊನೆಗೆ ಕೆಳಭಾಗಕ್ಕೆ ಸಿಮೆಂಟ್ ಸೇರಿಸದ, ಸುಣ್ಣ ಮರಳಿನ ಮೆದು ಗಾರೆ. ಉಪ್ಪು ಬಂದರೆ ಅದರಲ್ಲಿ ಬರಲಿ, ಹಾಳಾದರೆ ಅದು ಹಾಳಾಗಲಿ, ಕಲ್ಲು ಉಳಿಯಲಿ ಎಂಬ ಲೆಕ್ಕ. ಆ ಗಾರೆಯನ್ನು ಕೆಲವು ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದೆ. ಅವರು ಒಪ್ಪಿದ್ದರು.

ಏನಾಯಿತು

ಗೋಡೆಯ ಬುಡದಲ್ಲಿ ಒಂದು ಉದ್ದ ತಟ್ಟೆ ಇಟ್ಟು, ತಿಂಗಳಿಗೊಮ್ಮೆ ಅದರಲ್ಲಿ ಬಿದ್ದ ಮರಳನ್ನು ಸೀಸೆಗೆ ತುಂಬಿ ತಾರೀಖು ಬರೆದು ಇಡುತ್ತಿದ್ದಾರೆ. ಯಂತ್ರ ಓಡುತ್ತಿದ್ದ ತಿಂಗಳ ಸೀಸೆ ಕತ್ತಿನವರೆಗೆ ತುಂಬಿದೆ. ಈಗಿನ ಸೀಸೆಗಳಲ್ಲಿ ತಳ ಮುಚ್ಚುವಷ್ಟೂ ಇಲ್ಲ. ಒಣ ದಿನಗಳಲ್ಲಿ ಹೊಸ ಗಾರೆಯ ಮೇಲೆ ಬಿಳಿ ನವಿರು ಈಗಲೂ ಏಳುತ್ತದೆ. ಅದು ಬರಬೇಕಾದ ಜಾಗದಲ್ಲೇ ಬರುತ್ತಿದೆ, ಹಾಗಾಗಿ ನಮಗೆ ಚಿಂತೆಯಿಲ್ಲ. ಕಮಾನಿನ ಕ್ಯಾಲ್ಸೈಟ್ ಕೊಳವೆಗಳನ್ನು ಕೀಳದೆ ಬಿಟ್ಟೆವು. ಅವುಗಳ ತುದಿ ಒಣಗಿದೆ. ಮತ್ತೆ ಹನಿ ಕಂಡರೆ ಹೊರಗಿನ ಕೊಳವೆ ನೋಡಬೇಕು ಎಂದರ್ಥ.

ಕಪ್ಪು ಮೂಲೆ ಮಾತ್ರ ಹಾಗೇ ಇದೆ. ಪಟ್ಟು ಹಾಕಿ ಒಂದಷ್ಟು ನೈಟ್ರೇಟ್ ತೆಗೆದೆವು. ತಲೆಮಾರುಗಳ ಕಾಲ ಗೋಡೆ ಕುಡಿದದ್ದನ್ನು ಪೂರ್ತಿ ತೆಗೆಯಲು ಆಗಲಿಲ್ಲ. ಮೊದಲ ಭೇಟಿಯಲ್ಲೇ ಆ ಮೂಲೆಯ ಮಾದರಿ ತೆಗೆದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು ಎನ್ನುವುದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಇದೆ. ಅಂದಿನಿಂದ ಯಾವ ನೆಲಮಾಳಿಗೆಗೆ ಹೋದರೂ ಬಿಳಿ ಕಾಣದ ಜಾಗದ ಒಂದು ಸೀಸೆಯನ್ನು ಮೊದಲು ತುಂಬುತ್ತೇನೆ.

ಪುಸ್ತಕಗಳನ್ನು ಅವರು ಕೆಳಗೆ ಇಡಲಿಲ್ಲ. ಒಣಗಿದ ಒಳಗೋಡೆಗೆ ಒಂದು ಗೇಣು ಬಿಟ್ಟು ಕಬ್ಬಿಣದ ಕಪಾಟು ಹಾಕಿ, ನೆಂದರೂ ಹಾಳಾಗದ ಸಾಮಾನು ಇಟ್ಟಿದ್ದಾರೆ. ಕಪ್ಪು ಮೂಲೆಯ ಪಕ್ಕ ಒಂದು ಆರ್ದ್ರತಾ ಮಾಪಕ ನೇತುಹಾಕಿದ್ದಾರೆ. ಮಳೆ ಬರುವ ಮುಂಚೆ ಕಲೆ ಹರಡಿದರೆ ಮನೆಯಾಕೆ ಫೋಟೊ ಕಳಿಸುತ್ತಾರೆ. ಅಳತೆಗೆ ಪಕ್ಕದಲ್ಲಿ ಒಂದು ಪೆನ್ಸಿಲ್, ಕೆಳಗೆ ಮಾಪಕದ ಅಂಕಿ.